2000ವೋ, 2300ವೋ, 4000ವೋ? ರೆನಾಲ್ಡ್ಸ್ ಸಂಖ್ಯೆಯ ಗೋಜಲು

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು ಅಂದರೆ ಕಾಸರಗೋಡಿನ ಇಂಜಿನಿಯರಿಂಗ್, ಡಿಪ್ಲೊಮಾ ಮಕ್ಕಳ ನಡುವೆ ಈ ಚರ್ಚೆ ಗ್ಯಾರಂಟಿ. ಕೊಳವೆಯಲ್ಲಿ ನೆಟ್ಟಗೆ ಹರಿಯುವ ನೀರು ಯಾವ ಸಂಖ್ಯೆ ದಾಟಿದರೆ ಕದಡಿಹೋಗುತ್ತದೆ? ಒಂದು ಪುಸ್ತಕದಲ್ಲಿ 2000. ಇನ್ನೊಂದರಲ್ಲಿ 2300. ಮತ್ತೊಂದು ಪುಸ್ತಕದ ಪ್ರಕಾರ 4000 ದಾಟಿದ ಮೇಲಷ್ಟೇ ಟರ್ಬುಲೆಂಟ್, ಅಂದರೆ ಕದಡಿದ ಹರಿವು. ಯಾವುದೋ ವಿಡಿಯೊ ನೋಡಿ ಬಂದವನು 40,000ದವರೆಗೂ ನೆಟ್ಟಗೆ ಹರಿಸಿದ್ದಾರೆ ಮಾರಾಯ ಅನ್ನುತ್ತಾನೆ. ತಮಾಷೆ ಏನೆಂದರೆ ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ಮೊದಲು ಸಂಖ್ಯೆ ಯಾವುದು ಅಂತ ನೋಡೋಣ. ನೀರಿನ ವೇಗವನ್ನು ಕೊಳವೆಯ ವ್ಯಾಸದಿಂದ ಗುಣಿಸಿ, ನೀರಿನ ಸ್ನಿಗ್ಧತೆಯಿಂದ (ಹರಿಯಲು ತಡೆಯೊಡ್ಡುವ ಗುಣ; ಸಾಂದ್ರತೆಯಿಂದ ಭಾಗಿಸಿಟ್ಟದ್ದು) ಭಾಗಿಸಿದರೆ ಸಿಗುವುದೇ ರೆನಾಲ್ಡ್ಸ್ ಸಂಖ್ಯೆ. 25 ಮಿಲಿಮೀಟರ್ ಕೊಳವೆ, 30 ಡಿಗ್ರಿ ನೀರು ಇದ್ದರೆ 2000 ಮುಟ್ಟಲು ಸೆಕೆಂಡಿಗೆ ಆರೂವರೆ ಸೆಂಟಿಮೀಟರ್ ವೇಗ ಸಾಕು. ಅಂದರೆ ಒಂದು ಲೀಟರ್ ತುಂಬಲು ಅರ್ಧ ನಿಮಿಷ ಬೇಕು, ಅಷ್ಟು ನಿಧಾನ. ನಮ್ಮ ತೋಟದ ಎರಡು ಇಂಚಿನ ಪಿವಿಸಿ ಪೈಪಿನಲ್ಲಿ ಪಂಪು ಹಾಕಿದಾಗ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹೋಗುವ ನೀರು 60,000ದ ಮೇಲಿರುತ್ತದೆ. ಲ್ಯಾಬಿನಲ್ಲಿ ನೀರಿಗೆ ಬಣ್ಣ ಬಿಟ್ಟಾಗ ಕಾಣುವ ಆ ನೆಟ್ಟಗಿನ ಗೆರೆ ತೋಟದ ಪೈಪಿನಲ್ಲಿ ಯಾವತ್ತೂ ಇರುವುದಿಲ್ಲ.

ಕಥೆ ಶುರುವಾಗುವುದು ಪೈಪಿನಿಂದಲೇ. 1839ರಲ್ಲಿ ಜರ್ಮನಿಯ ಹಾಗೆನ್ ಎಂಬ ಇಂಜಿನಿಯರ್ ಸಪೂರ ಹಿತ್ತಾಳೆ ಕೊಳವೆಗಳಲ್ಲಿ ನೀರು ಹರಿಸಿ ಲೆಕ್ಕ ಬರೆದ. ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಪ್ವಾಸೇಯ್ ಎಂಬ ವೈದ್ಯ ರಕ್ತ ಸೂಕ್ಷ್ಮನಾಳದಲ್ಲಿ ಹೇಗೆ ಹರಿಯುತ್ತದೆ ಅಂತ ತಲೆಕೆಡಿಸಿಕೊಂಡು ಗಾಜಿನ ಕೊಳವೆ ಹಿಡಿದು ಕೂತಿದ್ದ. ಆಮೇಲೆ ಹಾಗೆನ್ ನೀರಿಗೆ ಮರದ ಹುಡಿ ಹಾಕಿ ನೋಡಿದ. ಒಂದು ವೇಗದ ಮೇಲೆ ಹುಡಿ ಅಡ್ಡಾದಿಡ್ಡಿ ಓಡುವುದು ಕಂಡಿತು. ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ.

ಆಸ್‌ಬರ್ನ್ ರೆನಾಲ್ಡ್ಸ್ ಮ್ಯಾಂಚೆಸ್ಟರಿನಲ್ಲಿ ಇಂಜಿನಿಯರಿಂಗ್ ಪ್ರೊಫೆಸರ್. 1883ರಲ್ಲಿ ಅವನು ಪ್ರಕಟಿಸಿದ ಪ್ರಯೋಗವೇ ಇವತ್ತಿಗೂ ನಮ್ಮ ಲ್ಯಾಬುಗಳಲ್ಲಿ ನಡೆಯುತ್ತಿರುವುದು. ಆರು ಅಡಿ ಉದ್ದದ ತೊಟ್ಟಿ, ಬದಿಗೆ ಗಾಜು. ಒಳಗೆ ನೀರಿನಲ್ಲಿ ಮುಳುಗಿದ ಗಾಜಿನ ಕೊಳವೆ. ಕೊಳವೆಯ ಬಾಯಿ ಗಂಟೆಯ ಹಾಗೆ ಅಗಲ, ನೀರು ಒಳಗೆ ಹೋಗುವಾಗ ಗಲಿಬಿಲಿ ಆಗಬಾರದು ಅಂತ. ಆ ಬಾಯಿಯ ಹತ್ತಿರ ಸಣ್ಣ ನಳಿಗೆಯಿಂದ ಬಣ್ಣ ಬಿಡುವುದು. ತೊಟ್ಟಿ ತುಂಬಿಸಿದ ಮೇಲೆ ಗಂಟೆಗಟ್ಟಲೆ ಸುಮ್ನೆ ಬಿಟ್ಟು ನೀರು ಪೂರ್ತಿ ನಿಂತ ನಂತರವೇ ಉದ್ದನೆಯ ಸನ್ನೆಕೋಲಿನಿಂದ ವಾಲ್ವ್ ತಿರುಗಿಸುತ್ತಿದ್ದ. ನಿಧಾನ ಹರಿವಿನಲ್ಲಿ ಬಣ್ಣ ಕೊಳವೆಯ ಉದ್ದಕ್ಕೂ ದಾರದಂತೆ ಹೋಯಿತು. ವೇಗ ಏರಿಸುತ್ತ ಹೋದಾಗ ಒಂದು ಹಂತದಲ್ಲಿ, ಬಾಯಿಯಿಂದ ಸ್ವಲ್ಪ ದೂರದಲ್ಲಿ, ದಾರ ಒಮ್ಮೆಲೇ ಒಡೆದು ಇಡೀ ಕೊಳವೆಗೆ ಬಣ್ಣ ಹರಡಿತು. ವಿದ್ಯುತ್ ಕಿಡಿಯ ಬೆಳಕಿನಲ್ಲಿ ನೋಡಿದರೆ ಆ ಕಲಸುಮೇಲೋಗರದ ಒಳಗೆ ಸುಳಿಗಳು ಸ್ಪಷ್ಟ ಕಂಡವು.

ಗೋಜಲಿನ ಬೇರು ಇಲ್ಲೇ ಇದೆ. ರೆನಾಲ್ಡ್ಸ್‌ಗೆ ಸಿಕ್ಕಿದ್ದು ಒಂದು ಸಂಖ್ಯೆ ಅಲ್ಲ, ಎರಡು. ಶಾಂತ ನೀರಿನ ವೇಗ ಏರಿಸುತ್ತ ಹೋದಾಗ ಸುಮಾರು 13,000ದವರೆಗೂ ದಾರ ಒಡೆಯಲಿಲ್ಲ. ಬೇರೆ ಪ್ರಯೋಗದಲ್ಲಿ ಸೀಸದ ಕೊಳವೆಗೆ ಮೊದಲೇ ಕದಡಿದ ನೀರು ಬಿಟ್ಟು ಒತ್ತಡ ಎಷ್ಟು ಇಳಿಯುತ್ತದೆ ಅಂತ ಅಳೆದ. ಅಲ್ಲಿ 2000ದ ಆಸುಪಾಸಿಗಿಂತ ಕೆಳಗೆ ಕದಡಿದ ನೀರೂ ತಾನಾಗಿ ಶಾಂತವಾಗುತ್ತಿತ್ತು. ಕೆಳಗಿನ ಮಿತಿ ನೀರಿನದ್ದು. ಮೇಲಿನ ಮಿತಿ ನೀವು ಎಷ್ಟು ಜಾಗ್ರತೆ ಮಾಡುತ್ತೀರಿ ಅನ್ನುವುದರದ್ದು. ಇದಿಷ್ಟು ಮೊದಲ ದಿನವೇ ಹೇಳಿಕೊಟ್ಟರೆ ಅರ್ಧ ಗಲಾಟೆ ಮುಗಿಯುತ್ತದೆ, ಅಲ್ವಾ?

ಆಮೇಲಿನ ನೂರು ವರ್ಷ ಬೇಗ ಹೇಳಿಬಿಡಬಹುದು. 1908ರಲ್ಲಿ ಜರ್ಮನಿಯ ಭೌತವಿಜ್ಞಾನಿ ಸೊಮ್ಮರ್‌ಫೆಲ್ಡ್ ಆ ಸಂಖ್ಯೆಗೆ ರೆನಾಲ್ಡ್ಸ್ ಹೆಸರಿಟ್ಟ. 1910ರ ಹೊತ್ತಿಗೆ ಸ್ವೀಡನ್ನಿನ ಎಕ್ಮನ್ ಅದೇ ಮ್ಯಾಂಚೆಸ್ಟರಿನ ಸಲಕರಣೆಯಲ್ಲಿ ಇನ್ನಷ್ಟು ಜಾಗ್ರತೆ ಮಾಡಿ 40,000 ದಾಟಿಸಿದ. 1961ರಲ್ಲಿ ಫೆನ್ನಿಂಗರ್ 1,00,000 ಮುಟ್ಟಿಸಿದ. ಪೈಪಿನ ಘರ್ಷಣೆಗೆ ಎಲ್ಲರೂ ಬಳಸುವ ಮೂಡಿಯ ನಕ್ಷೆ ಬಂದದ್ದು 1944ರಲ್ಲಿ. ಅದರಲ್ಲಿ 2000ದಿಂದ 4000ದವರೆಗಿನ ಭಾಗ ಸಂದಿಗ್ಧ ವಲಯ. ಪೈಪ್ ಹಾಕುವ ಇಂಜಿನಿಯರ್ ಆ ಜಾಗದಲ್ಲಿ ಲೆಕ್ಕ ನಂಬಬಾರದು ಅಂತ ಮಾತ್ರ ಅದರ ಅರ್ಥ. 4000 ಅನ್ನುವುದು ಪ್ರಕೃತಿ ಹಾಕಿದ ಗೆರೆಯಲ್ಲ, ಕೆಲಸದ ಅನುಕೂಲಕ್ಕೆ ಹಾಕಿಕೊಂಡ ಗೆರೆ.

ಹಳೆಯ ಸಲಕರಣೆ ಈಗಲೂ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದೆ. ಎಷ್ಟೋ ವರ್ಷದ ನಂತರ ಅದರಲ್ಲೇ ನೀರು ಹರಿಸಿ ಫೋಟೊ ತೆಗೆದಾಗ 13,000ದಷ್ಟು ಮೇಲೆ ಹೋಗಲೇ ಇಲ್ಲ. ಹೊರಗೆ ರಸ್ತೆಯಲ್ಲಿ ಓಡುವ ವಾಹನಗಳ ಅದುರು ತೊಟ್ಟಿಯ ನೀರಿಗೆ ತಟ್ಟುತ್ತಿತ್ತು. (ನಮ್ಮ ಆರು ಪಥದ ಹೆದ್ದಾರಿ ಪಕ್ಕದಲ್ಲಿ ಲ್ಯಾಬ್ ಕಟ್ಟುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಲಿ.)

ಈ ಕಥೆಯಲ್ಲಿ ಕನ್ನಡದವರ ಪಾಲೂ ಇದೆ. 1950ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಮತ್ತು ಅವರ ವಿದ್ಯಾರ್ಥಿ ರೊದ್ದಂ ನರಸಿಂಹ ಇದೇ ಹಂತವನ್ನು ಚಪ್ಪಟೆ ತಟ್ಟೆಯ ಮೇಲಿನ ಗಾಳಿಯಲ್ಲಿ ಅಭ್ಯಾಸ ಮಾಡಿದರು. ಹರಿವು ಗಕ್ಕನೆ ಪೂರ್ತಿ ಬದಲಾಗುವುದಿಲ್ಲ. ಒಂದೇ ಜಾಗದಲ್ಲಿ ಸ್ವಲ್ಪ ಹೊತ್ತು ಶಾಂತ, ಸ್ವಲ್ಪ ಹೊತ್ತು ಕದಡು, ಮತ್ತೆ ಶಾಂತ. ಈ ಬಿಟ್ಟು ಬಿಟ್ಟು ಬರುವ ಕದಡಿಗೆ ಲೆಕ್ಕ ಕೊಟ್ಟ ನರಸಿಂಹ ಅವರ ಪ್ರಬಂಧ 1957ರದ್ದು. ರೊದ್ದಂ ಅನ್ನುವುದು ಪಾವಗಡದ ಆಚೆ, ಗಡಿ ದಾಟಿದರೆ ಸಿಗುವ ಆಂಧ್ರದ ಊರು. ಗಡಿನಾಡಿನ ಮಕ್ಕಳಿಗೆ ನರಸಿಂಹ ಅವರ ಹೆಸರನ್ನು ಯಾರಾದರೂ ಹೇಳುತ್ತಾರಾ ಅಂದರೆ, ನಾನು ನೋಡಿದ ಮಟ್ಟಿಗೆ ಇಲ್ಲ.

ಕೊಳವೆಯಲ್ಲೂ ಹಾಗೆಯೇ. 2000 ದಾಟಿದ ಮೇಲೆ ಕದಡು ತುಂಡು ತುಂಡಾಗಿ ಬರುತ್ತದೆ. ರೆನಾಲ್ಡ್ಸ್ ಕೂಡ ಅದನ್ನು ಕಂಡಿದ್ದ. ಒಂದೊಂದು ತುಂಡೂ ಸ್ವಲ್ಪ ದೂರ ಸಾಗಿ ಒಂದೋ ಸಾಯುತ್ತದೆ, ಇಲ್ಲ ಎರಡಾಗಿ ಒಡೆಯುತ್ತದೆ. ಸಾಯುವುದು ಜಾಸ್ತಿಯಾದರೆ ನೀರು ಕೊನೆಗೆ ಶಾಂತ, ಒಡೆಯುವುದು ಜಾಸ್ತಿಯಾದರೆ ಕದಡು ಉಳಿದುಕೊಳ್ಳುತ್ತದೆ. ಎರಡೂ ಸಮ ಆಗುವ ಬಿಂದು ಸುಮಾರು 2040 ಅಂತ ತುಂಬ ಉದ್ದದ ಸಪೂರ ಕೊಳವೆಯಲ್ಲಿ ಅಳೆದು ಹೇಳಿದ್ದು 2011ರಲ್ಲಿ. ರೆನಾಲ್ಡ್ಸ್ ಆದ ಮೇಲೆ 128 ವರ್ಷ.

ಈಗ ನಮ್ಮ ಲ್ಯಾಬಿಗೆ ಬನ್ನಿ. ಸಾಮಾನ್ಯವಾಗಿ ಇರುವುದು ಇಷ್ಟು. ಸ್ಟ್ಯಾಂಡಿನ ಮೇಲೆ ಒಂದು ಟ್ಯಾಂಕು, ಸುಮಾರು ಒಂದು ಮೀಟರಿನ ಗಾಜಿನ ಕೊಳವೆ, ಮೇಲೊಂದು ಸಣ್ಣ ಬಾಟಲಿಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್, ಕೊನೆಗೆ ವಾಲ್ವ್, ಅಳತೆ ಜಾಡಿ, ಸ್ಟಾಪ್‌ವಾಚ್. ವಾಲ್ವನ್ನು ಚೂರೇ ಚೂರು ತೆರೆದರೆ ನೇರಳೆ ಬಣ್ಣದ ಎಳೆ ಬರುತ್ತದೆ. ಆದರೆ ತೀರಾ ನಿಧಾನ ಹರಿವಿನಲ್ಲಿ ಆ ಎಳೆ ಕೊಳವೆಯ ತಳಕ್ಕೆ ಬಾಗುತ್ತದೆ, ಪರ್ಮಾಂಗನೇಟ್ ಹಾಕಿದ ನೀರು ಭಾರ ಜಾಸ್ತಿ. ಅದನ್ನು ನೋಡಿ ಕೆಲವರು ಟ್ರಾನ್ಸಿಶನ್ (ಶಾಂತ ಹರಿವು ಕದಡಲು ಶುರುವಾಗುವ ಹಂತ) ಅಂತ ಬರೆಯುತ್ತಾರೆ. ಅಲ್ಲ, ಅದು ಬರೀ ಬಣ್ಣ ಇಳಿದದ್ದು. ಬಣ್ಣ ತೆಳ್ಳಗೆ ಮಾಡಿದರೆ ಸರಿಯಾಗುತ್ತದೆ.

ಇನ್ನು ಟ್ಯಾಂಕು. ಮೇಲಿನಿಂದ ನಳ್ಳಿ ನೀರು ಧೋ ಅಂತ ಬೀಳುತ್ತಲೇ ಇರುತ್ತದೆ. ಪಕ್ಕದಲ್ಲಿ ಟರ್ಬೈನಿನ ಬ್ಯಾಚಿನವರು ಪಂಪು ಹಾಕಿರುತ್ತಾರೆ, ನೆಲವೇ ನಡುಗುತ್ತದೆ. ಬಣ್ಣದ ಸೂಜಿಯಲ್ಲಿ ಗಾಳಿಗುಳ್ಳೆ. ಇಷ್ಟಿದ್ದ ಮೇಲೆ ಎಳೆ 1500ಕ್ಕೇ ಅಲುಗಾಡಿದರೆ ಆಶ್ಚರ್ಯ ಇಲ್ಲ. ಕೊಳವೆಯ ಉದ್ದವೂ ಸಾಲದು. 25 ಮಿಲಿಮೀಟರ್ ಕೊಳವೆಯಲ್ಲಿ 2000ದ ಹತ್ತಿರ ಹರಿವು ಪೂರ್ತಿ ನೆಲೆಗೊಳ್ಳಲು ಬಾಯಿಯಿಂದ ಸುಮಾರು ಮೂರು ಮೀಟರ್ ಬೇಕು. ಒಂದು ಮೀಟರಿನ ಕೊಳವೆಯಲ್ಲಿ ನೋಡುವುದೇನಿದ್ದರೂ ಇನ್ನೂ ನೆಲೆಗೊಳ್ಳದ ಹರಿವನ್ನು. ಪುಸ್ತಕದ ಸಂಖ್ಯೆ ಆ ಜಾಗದ್ದಲ್ಲ.

ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಬಿಸಿ. ಲೆಕ್ಕಕ್ಕೆ 20 ಡಿಗ್ರಿ ನೀರಿನ ಸ್ನಿಗ್ಧತೆ ಹಾಕಿಬಿಡುವುದು ಅಭ್ಯಾಸ. ಏಪ್ರಿಲಿನಲ್ಲಿ ಕಾಸರಗೋಡಿನ ಟೆರೇಸಿನ ಟ್ಯಾಂಕಿನಿಂದ ಬರುವ ನೀರು 30 ಡಿಗ್ರಿಗೆ ಕಡಿಮೆ ಇರುತ್ತದಾ? 30 ಡಿಗ್ರಿಯಲ್ಲಿ ನೀರು ಐದರಲ್ಲಿ ಒಂದು ಪಾಲು ತೆಳ್ಳಗಾಗಿರುತ್ತದೆ. ಹಾಗಾಗಿ ನಿಜವಾಗಿ 2300 ಇದ್ದದ್ದು ರೆಕಾರ್ಡಿನಲ್ಲಿ 1840 ಆಗುತ್ತದೆ. ಒಂದು ಥರ್ಮಾಮೀಟರ್ ಅದ್ದಿದರೆ ಮುಗಿಯಿತು, ಅದಕ್ಕೆ ರೆಕಾರ್ಡಿನಲ್ಲಿ ಜಾಗವೇ ಇಲ್ಲ.

ಹಾಗಿದ್ದೂ ಎಲ್ಲರ ರೆಕಾರ್ಡಿನಲ್ಲಿ 2000 ಹೇಗೆ ಬರುತ್ತದೆ? ಹೇಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಬ್ಯಾಚು ದೊಡ್ಡದು, ಸೆಟ್ ಒಂದೇ, ಸಮಯ ಸಾಲದು, ಎಕ್ಸ್‌ಟರ್ನಲ್‌ಗೂ (ಹೊರಗಿನಿಂದ ಬರುವ ಪರೀಕ್ಷಕರಿಗೂ) ಅದೇ ಉತ್ತರ ಬೇಕು. ಹತ್ತರವರೆಗೆ ಬದಿಯಡ್ಕದಲ್ಲೋ ಪೆರ್ಲದಲ್ಲೋ ಕನ್ನಡದಲ್ಲಿ ಓದಿ ಬಂದವನಿಗೆ ಇಂಗ್ಲಿಷ್ ಮ್ಯಾನ್ಯುಯಲ್ ಓದಿ ಮುಗಿಸುವುದೇ ದೊಡ್ಡ ಕೆಲಸ. ಸೀನಿಯರ್ ಕೊಟ್ಟ ರೀಡಿಂಗ್ ಕೈಯಲ್ಲಿದ್ದರೆ ಕೊಳವೆಯ ಕಡೆ ನೋಡುವುದು ಯಾಕೆ? ಹೀಗೆ ನೋಡುವ ಪ್ರಯೋಗ ಬರೆಯುವ ಪ್ರಯೋಗವಾಯಿತು.

ಇದು ಬರೀ ಮಾರ್ಕಿನ ವಿಷಯವೂ ಅಲ್ಲ. ಗುಡ್ಡದ ತೋಟಕ್ಕೆ ಡ್ರಿಪ್ ಹಾಕುವಾಗ ಇದೇ ವ್ಯತ್ಯಾಸ ಮುಖ್ಯ. ಸಪೂರ ಕೊಳವೆಯ ಹಳೆಯ ಡ್ರಿಪ್ಪರಿನಲ್ಲಿ ನೀರು ಲ್ಯಾಮಿನಾರ್ ಆಗಿ, ಅಂದರೆ ನೆಟ್ಟಗೆ, ಹರಿದರೆ, ಒತ್ತಡ ಎರಡು ಪಟ್ಟಾದಾಗ ನೀರೂ ಎರಡು ಪಟ್ಟು. ಕೆಳಗಿನ ಅಡಿಕೆಗೆ ನೀರೋ ನೀರು, ಮೇಲಿನ ಸಾಲು ಒಣಗುತ್ತದೆ. ಹಾವಿನ ದಾರಿಯಂತೆ ತಿರುವು ಮಾಡಿ ಬೇಕೆಂದೇ ಕದಡಿಸುವ ಡ್ರಿಪ್ಪರಿನಲ್ಲಿ ಒತ್ತಡ ಎರಡು ಪಟ್ಟಾದರೂ ನೀರು ಏರುವುದು ಸುಮಾರು 1.4 ಪಟ್ಟು. ನೆಟ್ಟಗಿನ ಹರಿವು ಒಳ್ಳೆಯದು, ಕದಡಿದ್ದು ಕೆಟ್ಟದ್ದು ಅಂತ ಲ್ಯಾಬಿನಿಂದ ಕಲಿತು ಬಂದವನಿಗೆ ಇದು ತಲೆಕೆಳಗಾಗಿ ಕಾಣುತ್ತದೆ.

ಸದ್ಯಕ್ಕೆ ಇರುವ ಸೆಟ್ಟಿನಲ್ಲೇ ಮಾಡಬಹುದಾದ್ದೂ ಇದೆ. ಟ್ಯಾಂಕು ತುಂಬಿಸಿ ನಳ್ಳಿ ನಿಲ್ಲಿಸಿ, ಹದಿನೈದು ನಿಮಿಷ ಬಿಟ್ಟು, ಪಕ್ಕದ ಪಂಪು ಆಫ್ ಇರುವಾಗ ವಾಲ್ವ್ ತೆರೆಯುವುದು. ಮಟ್ಟ ಇಳಿಯುತ್ತದೆ, ಅದಕ್ಕೆ ಪ್ರತಿ ರೀಡಿಂಗನ್ನೂ ಬೇಗ ತೆಗೆಯಬೇಕು. ವೇಗ ಏರಿಸುವಾಗ ಎಳೆ ಒಡೆದದ್ದು ಎಷ್ಟಕ್ಕೆ, ಇಳಿಸುವಾಗ ಕೂಡಿಕೊಂಡದ್ದು ಎಷ್ಟಕ್ಕೆ, ನೀರು ಎಷ್ಟು ಡಿಗ್ರಿ. ಮ್ಯಾನ್ಯುಯಲ್ಲಿನ ಟೇಬಲ್‌ನಲ್ಲಿ ಇವಕ್ಕೆ ಕಾಲಂ ಇಲ್ಲದಿದ್ದರೆ ಬದಿಯಲ್ಲಿ ಪೆನ್ಸಿಲಿನಿಂದ ಮೂರು ಗೆರೆ ಎಳೆದುಕೊಂಡರೂ ನಡೆಯುತ್ತದೆ.