ಶಿಕಾಗೋದ ಆ ಮನೆ ಇನ್ನೂ ಯಾಕೆ ಉಳಿದಿದೆ? ಕಪ್ಪು ಕಲಾವಿದರ ಬೆನ್ನಿಗೆ ಊರೇ ನಿಂತ ಕಥೆ

ಶಿಕಾಗೋದ ಸೌತ್ ಮಿಶಿಗನ್ ಅವೆನ್ಯೂನಲ್ಲಿ 3831ನೇ ನಂಬರಿನ ಒಂದು ಹಳೇ ಬಂಗಲೆ ಇದೆ. 1890ರ ದಶಕದಲ್ಲಿ ಶ್ರೀಮಂತ ಧಾನ್ಯ ವ್ಯಾಪಾರಿಯೊಬ್ಬರಿಗಾಗಿ ಕಟ್ಟಿದ್ದು. 1940ರಿಂದ ಅದು ಕಪ್ಪು ಜನರ ಕಲಾಕೇಂದ್ರ, ಹೆಸರು ಸೌತ್ ಸೈಡ್ ಕಮ್ಯುನಿಟಿ ಆರ್ಟ್ ಸೆಂಟರ್. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ರೂಸ್‌ವೆಲ್ಟ್ ಸರ್ಕಾರ ಕಲಾವಿದರಿಗೂ ಸಂಬಳ ಕೊಟ್ಟು ಕೆಲಸಕ್ಕೆ ಹಚ್ಚಿದಾಗ, ಅಮೆರಿಕದ ಉದ್ದಗಲಕ್ಕೂ ಇಂಥ ನೂರಕ್ಕೂ ಹೆಚ್ಚು ಕೇಂದ್ರಗಳು ಹುಟ್ಟಿಕೊಂಡವು. ಹೆಚ್ಚುಕಡಿಮೆ ಎಲ್ಲವೂ ಮುಚ್ಚಿಹೋದವು. ಇದು ಮಾತ್ರ ಅದೇ ಮನೆಯಲ್ಲಿ, ಅದೇ ಕೆಲಸ ಮಾಡುತ್ತಾ ಉಳಿದಿದೆ. ಯಾಕೆ ಅಂತ ಕೇಳಿದರೆ ಉತ್ತರ ಗೋಡೆ ಮೇಲಿನ ಚಿತ್ರಗಳಲ್ಲಿ ಅಷ್ಟಾಗಿ ಸಿಗಲ್ಲ, ಮನೆಯ ಕ್ರಯಪತ್ರದಲ್ಲಿ ಸಿಗುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1920ರ ದಶಕದಲ್ಲಿ ಕಪ್ಪು ಕಲಾವಿದರ ಚಿತ್ರ ತೂಗುಹಾಕಲು ಜಾಗವೇ ಇರಲಿಲ್ಲ. ಗ್ಯಾಲರಿಗಳು ಬಾಗಿಲು ತೆರೆಯುತ್ತಿರಲಿಲ್ಲ, ಮ್ಯೂಸಿಯಂಗಳ ಮಾತಂತೂ ಬಿಡಿ. ನ್ಯೂಯಾರ್ಕಿನಲ್ಲಿ ಕಪ್ಪು ಜನರೇ ಹೆಚ್ಚಾಗಿದ್ದ ಬಡಾವಣೆ ಹಾರ್ಲೆಮ್‌ನಲ್ಲಿ 135ನೇ ಬೀದಿಯ ಸಾರ್ವಜನಿಕ ಲೈಬ್ರರಿ ಆ ಕೆಲಸ ಮಾಡಿತು, 1921ರಲ್ಲೇ ಅಲ್ಲಿ ಕಪ್ಪು ಕಲಾವಿದರ ಪ್ರದರ್ಶನ ನಡೆದಿತ್ತು. ಅದೇ ಲೈಬ್ರರಿ ಇವತ್ತಿನ ಶಾಂಬರ್ಗ್ ಸೆಂಟರ್, ಕಪ್ಪು ಜನರ ಇತಿಹಾಸ, ಸಂಸ್ಕೃತಿಯ ಸಂಶೋಧನಾ ಕೇಂದ್ರ. ಅದಕ್ಕೂ ನಮಗೂ ಒಂದು ನಂಟಿದೆ: ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಆಫ್ರಿಕಾ ಮೂಲದ ನಮ್ಮ ಸಿದ್ದಿ ಹೆಂಗಸರು ಹೊಲಿದ ಕೌದಿಗಳ ಪ್ರದರ್ಶನ ಅಲ್ಲಿ ನಡೆದಿದೆ. ಹಳೇ ಸೀರೆ, ಅಂಗಿ ತುಂಡುಗಳ ಕೌದಿ ಹಾರ್ಲೆಮ್‌ವರೆಗೆ ಹೋಯಿತು, ಉತ್ತರ ಕನ್ನಡದಾಚೆಗೆ ಎಷ್ಟು ಜನ ಕನ್ನಡಿಗರು ಅದನ್ನು ನೋಡಿದ್ದಾರೋ ಏನೋ.

ಆಗ ದುಡ್ಡು ಕೊಡಲು ಮುಂದೆ ಬಂದವರು ಬಿಳಿಯ ದಾನಿಗಳು. ವಿಲಿಯಂ ಹಾರ್ಮನ್ ಎಂಬ ರಿಯಲ್ ಎಸ್ಟೇಟ್ ಉದ್ಯಮಿಯ ಹೆಸರಿನ ಪ್ರತಿಷ್ಠಾನ 1926ರಿಂದ ಕಪ್ಪು ಸಾಧಕರಿಗೆ ಪ್ರಶಸ್ತಿ ಕೊಟ್ಟಿತು, 1928ರಿಂದ ಪ್ರದರ್ಶನಗಳನ್ನೂ ನಡೆಸಿತು. ಒಳ್ಳೆಯದೇ ಆಯ್ತು, ಹಲವರ ಹೆಸರು ಹೊರಗೆ ಬಂತು. ಆದರೆ 1934ರಲ್ಲಿ ರೋಮೇರ್ ಬೇರ್ಡನ್ ಎಂಬ ಎಳೆಯ ಕಲಾವಿದ ಒಂದು ಪತ್ರಿಕೆಯಲ್ಲಿ ಖಾರವಾಗಿ ಬರೆದರು. ಈ ಪ್ರದರ್ಶನಗಳು ನಮ್ಮನ್ನು ಕಲಾವಿದರಂತೆ ತೂಗಿ ನೋಡುತ್ತಿಲ್ಲ, ಮೇಲಿನಿಂದ ಬೆನ್ನು ತಟ್ಟುತ್ತಿವೆ ಅನ್ನೋದು ಅವರ ತಕರಾರಿನ ಸಾರ. ದಾನ ಪಡೆದವನೇ ದಾನಿಯನ್ನು ಬೈಯೋದಾ ಅಂತ ಕೆಲವರಿಗೆ ಸಿಟ್ಟು ಬರಬಹುದು. ನನಗೇನೋ ಅವರ ಮಾತು ಸರಿಯೆನಿಸುತ್ತದೆ, ಯಾಕೆಂದರೆ ಪ್ರಶಸ್ತಿ ವರ್ಷಕ್ಕೊಮ್ಮೆ ಬರುತ್ತದೆ, ಕಲಿಯುವ ಹುಡುಗನಿಗೆ ಬೇಕಾದದ್ದು ದಿನಾ ಹೋಗಿ ಕೂರಲು ಒಂದು ಜಾಗ.

ಆ ಜಾಗ ಮಾಡಿಕೊಟ್ಟವರಲ್ಲಿ ಮೊದಲ ಸಾಲಿನವರು ಶಿಲ್ಪಿ ಆಗಸ್ಟಾ ಸ್ಯಾವೇಜ್. 1923ರಲ್ಲಿ ಫ್ರಾನ್ಸಿನ ಫಾಂಟನ್‌ಬ್ಲೋ ಬೇಸಿಗೆ ಕಲಾಶಾಲೆಗೆ ಅರ್ಜಿ ಹಾಕಿದ್ದರು. ಆಯ್ಕೆ ಸಮಿತಿಯಲ್ಲಿದ್ದ ಅಮೆರಿಕನ್ನರು ಕಪ್ಪು ಬಣ್ಣ ನೋಡಿ ಬೇಡವೆಂದರು. ಆಕೆ ಸುಮ್ಮನಿರಲಿಲ್ಲ, ಪತ್ರಿಕೆಗಳಿಗೆ ಹೋದರು, ದೊಡ್ಡ ಸುದ್ದಿಯಾಯ್ತು. ಆಮೇಲೆ ಬೇರೆ ದಾರಿಯಲ್ಲಿ ಪ್ಯಾರಿಸಿಗೆ ಹೋಗಿ ಬಂದು, ಹಾರ್ಲೆಮ್‌ನಲ್ಲಿ ಸ್ಟುಡಿಯೊ ತೆರೆದು ಬೀದಿಯ ಮಕ್ಕಳಿಗೆಲ್ಲ ಕಲಿಸತೊಡಗಿದರು. ಅದೇ ಬೆಳೆದು 1937ರಲ್ಲಿ ಹಾರ್ಲೆಮ್ ಕಮ್ಯುನಿಟಿ ಆರ್ಟ್ ಸೆಂಟರ್ ಆಯಿತು, ಸಂಬಳ ಸರ್ಕಾರದ್ದು, ಮೊದಲ ನಿರ್ದೇಶಕಿ ಸ್ಯಾವೇಜ್. ಜೇಕಬ್ ಲಾರೆನ್ಸ್ ಎಂಬ ಬಡ ಹುಡುಗನನ್ನು ಸರ್ಕಾರಿ ಕಲಾ ಯೋಜನೆಗೆ ಸೇರಿಸಲು ಆಕೆ ಕೈಹಿಡಿದು ಕರೆದೊಯ್ದರು. ವಯಸ್ಸು ಸಾಲದು ಅಂತ ವಾಪಸ್ ಕಳಿಸಿದರು. ಹುಡುಗ ಮರೆತೇಬಿಟ್ಟಿದ್ದ, ಆಕೆ ಮರೆತಿರಲಿಲ್ಲ. 21 ತುಂಬುತ್ತಲೇ ಮತ್ತೆ ಕರೆದೊಯ್ದು ಹೆಸರು ಬರೆಸಿದರು. ವಾರಕ್ಕೆ ಸುಮಾರು 24 ಡಾಲರ್, ಚಿತ್ರ ಬರೆಯುವುದೇ ಕೆಲಸ. ಮುಂದೆ ಆ ಹುಡುಗ ಅಮೆರಿಕದ ದೊಡ್ಡ ಚಿತ್ರಕಾರರಲ್ಲಿ ಒಬ್ಬನಾದ.

ಸ್ಯಾವೇಜ್ ಕಥೆ ಮಾತ್ರ ಬೇಸರದ್ದು. 1939ರ ನ್ಯೂಯಾರ್ಕ್ ವಿಶ್ವ ಮೇಳಕ್ಕಾಗಿ 16 ಅಡಿ ಎತ್ತರದ ಹಾರ್ಪ್ ಶಿಲ್ಪ ಮಾಡಿದರು. ಹಾಡುವ ಕಪ್ಪು ಮಕ್ಕಳೇ ಆ ವಾದ್ಯದ ತಂತಿಗಳು. ಕಂಚಿಗೆ ಎರಕ ಹೊಯ್ಯಲು ದುಡ್ಡಿರಲಿಲ್ಲ, ಇಡಲು ಜಾಗವೂ ಇರಲಿಲ್ಲ. ಮೇಳ ಮುಗಿದ ಮೇಲೆ ಕೆಡವಿಬಿಟ್ಟರು. ಈ ಶಿಲ್ಪಕ್ಕಾಗಿ ಹಾಕಿದ್ದ ರಜೆ ಮುಗಿಸಿ ವಾಪಸ್ ಬಂದರೆ ನಿರ್ದೇಶಕಿಯ ಹುದ್ದೆಯೂ ಬೇರೆಯವರ ಪಾಲಾಗಿತ್ತು. ಕೆಲವೇ ವರ್ಷಗಳಲ್ಲಿ ಹಾರ್ಲೆಮ್ ಕೇಂದ್ರವೂ ಮುಚ್ಚಿತು.

ಈಗ ಶಿಕಾಗೋ. ಸರ್ಕಾರದ ಕರಾರು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಶಿಕ್ಷಕರ, ಸಿಬ್ಬಂದಿಯ ಸಂಬಳ ನಮ್ಮದು, ಜಾಗ ಮತ್ತು ಅದರ ಖರ್ಚು ಊರವರದು. ಬೇರೆಯವರು ಬಾಡಿಗೆಗೋ ಪುಕ್ಕಟೆಗೋ ಜಾಗ ಹುಡುಕಿದರು. ಸೌತ್ ಸೈಡಿನವರು, ಅಂದರೆ ಶಿಕಾಗೋದ ದಕ್ಷಿಣ ಭಾಗದ ಕಪ್ಪು ಜನ, ಮನೆಯನ್ನೇ ಕೊಳ್ಳೋಣ ಅಂದುಕೊಂಡರು. ದಕ್ಷಿಣದ ರಾಜ್ಯಗಳಿಂದ ವಲಸೆ ಬಂದ ಜನ ಒತ್ತೊತ್ತಾಗಿ ಬದುಕುತ್ತಿದ್ದ, ಕಪ್ಪು ಜನರಿಗೆ ಮನೆ ಮಾರುವುದಿಲ್ಲ ಅಂತ ಬಿಳಿಯರು ಕರಾರುಪತ್ರದಲ್ಲೇ ಬರೆಸಿಕೊಳ್ಳುತ್ತಿದ್ದ ಊರಿನಲ್ಲಿ ಇದು ಸಣ್ಣ ಆಸೆಯಲ್ಲ. 1939ರಲ್ಲಿ ಸವಾಯ್ ಬಾಲ್‌ರೂಮಿನಲ್ಲಿ ‘ಆರ್ಟಿಸ್ಟ್ಸ್ ಅಂಡ್ ಮಾಡೆಲ್ಸ್ ಬಾಲ್’ ಎಂಬ ನೃತ್ಯಕೂಟ ಇಟ್ಟರು. ವೇಷ, ಸಂಗೀತ, ಟಿಕೆಟ್, ಕೈತುಂಬ ಮಜಾ. ಇನ್ನೊಂದು ಕಡೆ ‘ಮೈಲಿ ಉದ್ದದ ಡೈಮ್’ ಎಂಬ ವಂತಿಗೆ. ಡೈಮ್ ಅಂದರೆ 10 ಸೆಂಟಿನ ನಾಣ್ಯ. ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಕಲಾವಿದೆ ಮಾರ್ಗರೆಟ್ ಬರೋಸ್ 39ನೇ ಬೀದಿಯ ಮೂಲೆಯಲ್ಲಿ ಡಬ್ಬ ಹಿಡಿದು ನಿಂತರು.

ಮನೆ ಸಿಕ್ಕಿತು. ಒಳಗಿನ ವಿನ್ಯಾಸವನ್ನು ಶಿಕಾಗೋದ ‘ನ್ಯೂ ಬೌಹೌಸ್’ ಎಂಬ ವಿನ್ಯಾಸ ಶಾಲೆಯವರು ಬದಲಿಸಿದರು, ಗ್ಯಾಲರಿಗೆ ಮರದ ಹಲಗೆಯ ಗೋಡೆ ಬಂತು. ದಶಕಗಳ ಕಾಲ ಚಿತ್ರ ತೂಗಿಹಾಕಿದ ಮೊಳೆ ತೂತುಗಳು ಇವತ್ತಿಗೂ ಆ ಹಲಗೆಗಳ ತುಂಬ ಇವೆ. 1940ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. 1941ರ ಮೇ ತಿಂಗಳಲ್ಲಿ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಬಂದು ಅಧಿಕೃತವಾಗಿ ಉದ್ಘಾಟಿಸಿದರು, ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳಿಸಿತು. ನೆಲಮಾಳಿಗೆಯ ಡಾರ್ಕ್‌ರೂಮಿನಲ್ಲಿ ಮುಂದೆ ಹೆಸರಾಂತ ಫೋಟೊಗ್ರಾಫರ್ ಆದ ಗಾರ್ಡನ್ ಪಾರ್ಕ್ಸ್ ಫೋಟೊ ತೊಳೆದರು. ಇನೆಜ್ ಸ್ಟಾರ್ಕ್ ಎಂಬ ಶ್ರೀಮಂತ ಬಿಳಿಯ ಮಹಿಳೆ ನಡೆಸಿದ ಕವಿತೆಯ ಕಮ್ಮಟದಲ್ಲಿ ಗ್ವೆಂಡೊಲಿನ್ ಬ್ರೂಕ್ಸ್ ಕಲಿತರು. 1950ರಲ್ಲಿ ಬ್ರೂಕ್ಸ್‌ಗೆ ಕವಿತೆಗಾಗಿ ಪುಲಿಟ್ಜರ್ ಬಂತು, ಕಪ್ಪು ಲೇಖಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

1943ರಲ್ಲಿ ಸರ್ಕಾರಿ ಯೋಜನೆ ಮುಗಿಯಿತು. ಯುದ್ಧದ ಕಾಲ, ಕಲೆಗೆಲ್ಲಿ ದುಡ್ಡು? ಸಂಬಳ ನಿಂತ ಕಡೆಯೆಲ್ಲ ಕೇಂದ್ರಗಳು ಒಂದೊಂದಾಗಿ ಕಣ್ಮುಚ್ಚಿದವು. ಶಿಕಾಗೋದಲ್ಲೂ ಸಂಬಳ ನಿಂತಿತು, ಆದರೆ ಮನೆ ಇತ್ತು. ಬಾಡಿಗೆ ಕೇಳಲು ಯಾರೂ ಬಾಗಿಲಿಗೆ ಬರುವಂತಿರಲಿಲ್ಲ. ನೃತ್ಯಕೂಟಗಳು ಮುಂದುವರಿದವು, ಅದರ ದುಡ್ಡಿನಲ್ಲಿ ಮನೆ ಉಸಿರಾಡಿತು. ಎಲ್ಲ ಸುಗಮವಾಗಿತ್ತು ಅಂತಲ್ಲ. ಕಮ್ಯುನಿಸ್ಟರ ಬೇಟೆಯ 1950ರ ದಶಕದಲ್ಲಿ ಕೇಂದ್ರದೊಳಗೇ ಭಯ, ಬಿರುಕು. ಡಬ್ಬ ಹಿಡಿದು ನಿಂತಿದ್ದ ಬರೋಸ್ ಅವರೇ ದೂರವಾದರು, ಒಂದಷ್ಟು ಕಾಲ ಮೆಕ್ಸಿಕೊಗೆ ಹೋಗಿ ಇದ್ದರು. 1961ರಲ್ಲಿ ಗಂಡನ ಜೊತೆ ಸೇರಿ ಅದೇ ರಸ್ತೆಯಲ್ಲಿ, ಕೇಂದ್ರದ ಎದುರುಗಡೆಯ ತಮ್ಮ ಸ್ವಂತ ಮನೆಯಲ್ಲೇ ಮ್ಯೂಸಿಯಂ ತೆರೆದರು. ಅದೇ ಕಪ್ಪು ಜನರ ಇತಿಹಾಸ ಹೇಳುವ ಇವತ್ತಿನ ಡುಸಾಬ್ಲ್ ಮ್ಯೂಸಿಯಂ.

1960ರ ದಶಕದಲ್ಲಿ ಕಲೆ ಬೀದಿಗೆ ಇಳಿಯಿತು. 1967ರಲ್ಲಿ ಶಿಕಾಗೋದ 43ನೇ ಬೀದಿ ಮತ್ತು ಲ್ಯಾಂಗ್ಲಿಯ ಮೂಲೆಯಲ್ಲಿ, ಒಂದು ಹಳೇ ಕಟ್ಟಡದ ಮೇಲೆ ‘ವಾಲ್ ಆಫ್ ರೆಸ್ಪೆಕ್ಟ್’ ಎಂಬ ಭಿತ್ತಿಚಿತ್ರ ಮೂಡಿತು. ಕಪ್ಪು ನಾಯಕರು, ಸಂಗೀತಗಾರರು, ಆಟಗಾರರು ಗೋಡೆ ತುಂಬ. ಅದನ್ನು ನೋಡಿ ಎಷ್ಟೋ ನಗರಗಳಲ್ಲಿ ಗೋಡೆಗಳು ಬಣ್ಣ ಕಂಡವು. ಆದರೆ ಕಟ್ಟಡ ಅವರದಲ್ಲ. 1970ರ ದಶಕದ ಆರಂಭದಲ್ಲಿ ಬೆಂಕಿ ಬಿತ್ತು, ಕೆಡವಿದರು, ಚಿತ್ರವೂ ಹೋಯಿತು.

1969ರ ಬೇಸಿಗೆಯಲ್ಲಿ ಹಾರ್ಲೆಮ್‌ನ ಮೌಂಟ್ ಮಾರಿಸ್ ಪಾರ್ಕಿನಲ್ಲಿ ಆರು ಭಾನುವಾರ ನಡೆದ ಹಾರ್ಲೆಮ್ ಕಲ್ಚರಲ್ ಫೆಸ್ಟಿವಲ್ ಕೂಡ ಹೀಗೇ. ನೀನಾ ಸಿಮೋನ್, ಸ್ಟೀವಿ ವಂಡರ್, ಮಹೇಲಿಯಾ ಜಾಕ್ಸನ್ ಹಾಡಿದರು. ಲಕ್ಷಗಟ್ಟಲೆ ಜನ, ಟಿಕೆಟ್ ಇಲ್ಲ, ಕಾಫಿ ಕಂಪನಿಯೊಂದರ ಪ್ರಾಯೋಜಕತ್ವ. ಪೂರ್ತಿ ಚಿತ್ರೀಕರಣವೂ ಆಯಿತು, ಆದರೆ ಬಹುಪಾಲು ಐವತ್ತು ವರ್ಷ ನೆಲಮಾಳಿಗೆಯಲ್ಲಿ ಕೊಳೆಯಿತು. ಅದೇ ಬೇಸಿಗೆಯ ವುಡ್‌ಸ್ಟಾಕ್ ಸಂಗೀತ ಹಬ್ಬ ಎಲ್ಲರಿಗೂ ಗೊತ್ತು, ಇದು ಗೊತ್ತಿಲ್ಲ, ಅಲ್ವಾ? ಅದೇ ವರ್ಷ ಜನವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹಾರ್ಲೆಮ್ ಬಗ್ಗೆಯೇ ದೊಡ್ಡ ಪ್ರದರ್ಶನ ಇಟ್ಟಿತು. ಫೋಟೊಗಳಿದ್ದವು, ಹಾರ್ಲೆಮ್‌ನ ಚಿತ್ರಕಾರರ, ಶಿಲ್ಪಿಗಳ ಒಂದೇ ಒಂದು ಕೃತಿ ಇರಲಿಲ್ಲ. ಕಲಾವಿದರು ಬಾಗಿಲಲ್ಲಿ ನಿಂತು ಪ್ರತಿಭಟಿಸಿದರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 1968ರಲ್ಲಿ, ಫಿಫ್ತ್ ಅವೆನ್ಯೂನ ಬಾಡಿಗೆ ಮಹಡಿಯಲ್ಲಿ ಕಪ್ಪು ಕಲಾವಿದರಿಗಾಗಿಯೇ ಸ್ಟುಡಿಯೊ ಮ್ಯೂಸಿಯಂ ಇನ್ ಹಾರ್ಲೆಮ್ ಶುರುವಾಗಿತ್ತು.

ಹಬ್ಬಗಳನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಫ್ಲಾರಿಡಾದ ಈಟನ್‌ವಿಲ್ ನೋಡಿ. ಕಪ್ಪು ಜನರೇ 1887ರಲ್ಲಿ ಸ್ಥಾಪಿಸಿಕೊಂಡ ಪುಟ್ಟ ಊರು, ಲೇಖಕಿ ಜೋರಾ ನೀಲ್ ಹರ್ಸ್ಟನ್ ಬೆಳೆದದ್ದು ಅಲ್ಲೇ. 1980ರ ದಶಕದ ಕೊನೆಯಲ್ಲಿ ಕೌಂಟಿಯವರು (ನಮ್ಮ ಜಿಲ್ಲಾಡಳಿತದ ಹಾಗೆ) ಊರಿನ ಮುಖ್ಯ ರಸ್ತೆಯನ್ನು ಐದು ಲೇನಿಗೆ ಅಗಲ ಮಾಡಲು ಹೊರಟರು, ಆಗಿದ್ದರೆ ಊರೇ ಸೀಳಿಹೋಗುತ್ತಿತ್ತು. ಜನ ಸಂಘ ಕಟ್ಟಿ ತಡೆದರು, ಊರಿನ ಬೆಲೆ ಲೋಕಕ್ಕೆ ಗೊತ್ತಾಗಲಿ ಅಂತ 1990ರಲ್ಲಿ ಜೋರಾ ಹೆಸರಿನಲ್ಲಿ ಕಲಾ ಹಬ್ಬ ಶುರು ಮಾಡಿದರು. ಅದು ಈಗಲೂ ನಡೆಯುತ್ತಿದೆ. ಅಟ್ಲಾಂಟಾದ ನ್ಯಾಷನಲ್ ಬ್ಲ್ಯಾಕ್ ಆರ್ಟ್ಸ್ ಫೆಸ್ಟಿವಲ್ (1988) ಕೌಂಟಿ ಸರ್ಕಾರದ ಬೆಂಬಲದಿಂದ ಹುಟ್ಟಿದ್ದು, ಅದರದ್ದು ಬೇರೆ ದಾರಿ.

ಹೂಸ್ಟನ್‌ನಲ್ಲಿ 1993ರಲ್ಲಿ ರಿಕ್ ಲೋ ಮತ್ತು ಆರು ಮಂದಿ ಕಪ್ಪು ಕಲಾವಿದರು ಮತ್ತೆ ಶಿಕಾಗೋದ ಹಾದಿ ಹಿಡಿದರು. ಥರ್ಡ್ ವಾರ್ಡಿನಲ್ಲಿ ಪಾಳುಬಿದ್ದಿದ್ದ 22 ಸಣ್ಣ ಮನೆಗಳನ್ನು ತಮ್ಮದಾಗಿಸಿಕೊಂಡು ದುರಸ್ತಿ ಮಾಡಿದರು. ಕೆಲವು ಮನೆ ಕಲಾಕೃತಿಗೆ, ಕೆಲವು ಓದು ಮುಂದುವರಿಸುವ ಒಂಟಿ ತಾಯಂದಿರಿಗೆ. ಪ್ರಾಜೆಕ್ಟ್ ರೋ ಹೌಸಸ್ ಅಂತ ಅದರ ಹೆಸರು.

2025ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಕಲಾ ನಿಧಿ ಮಂಜೂರಾಗಿದ್ದ ಅನುದಾನಗಳನ್ನು ಈಮೇಲ್ ಕಳಿಸಿ ರದ್ದು ಮಾಡಿತು. ದೇಶದಾದ್ಯಂತ ಬಹಳಷ್ಟು ಕಲಾ ಸಂಸ್ಥೆಗಳಿಗೆ ಪೆಟ್ಟು ಬಿತ್ತು. 1943ರ ಹಾಗೇ, ಬಾಡಿಗೆ ಜಾಗದಲ್ಲಿ ವರ್ಷದಿಂದ ವರ್ಷಕ್ಕೆ ಅನುದಾನ ನಂಬಿ ಬದುಕುವ ಸಣ್ಣ ಗುಂಪುಗಳಿಗೇ ಇಂಥ ಪೆಟ್ಟು ಜಾಸ್ತಿ ಬೀಳೋದು. ಅದೇ ವರ್ಷ ನವೆಂಬರಿನಲ್ಲಿ ಸ್ಟುಡಿಯೊ ಮ್ಯೂಸಿಯಂ 125ನೇ ಬೀದಿಯಲ್ಲಿ ತನಗಾಗಿಯೇ ಕಟ್ಟಿಸಿಕೊಂಡ ಹೊಸ ಕಟ್ಟಡದ ಬಾಗಿಲು ತೆರೆಯಿತು. ಬಾಡಿಗೆ ಮಹಡಿಯಿಂದ ಅಲ್ಲಿಗೆ ಬರಲು ಅದಕ್ಕೆ 57 ವರ್ಷ ಹಿಡಿಯಿತು.