ಜರ್ಮನಿಯಲ್ಲಿರುವ ಮಗನಿಗೆ ತುಪ್ಪ ಪಾರ್ಸೆಲ್ ಮಾಡಬಹುದಾ?

ಓದುಗರ ಪ್ರಶ್ನೆ: ಮಗ ಓದಲು ಜರ್ಮನಿಗೆ ಹೋಗಿದ್ದಾನೆ. ಮನೆಯ ತುಪ್ಪ, ಚಟ್ನಿಪುಡಿ, ಮಾವಿನ ಉಪ್ಪಿನಕಾಯಿ, ಒಂದು ಹಿಡಿ ಕರಿಬೇವು, ಜ್ವರದ ಮಾತ್ರೆ ಎಲ್ಲ ಒಂದೇ ಡಬ್ಬದಲ್ಲಿ ಹಾಕಿ ಕಳಿಸಬಹುದಾ?

ಚಟ್ನಿಪುಡಿ, ಉಪ್ಪಿನಕಾಯಿ ಕಳಿಸಿ. ಮಿಕ್ಕ ಮೂರನ್ನೂ ತೆಗೆದಿಡಿ.

ತುಪ್ಪ ಬೇಡ ಅಂದರೆ ಎಲ್ಲರಿಗೂ ಬೇಜಾರು. ಆದರೆ ಯುರೋಪಿಯನ್ ಒಕ್ಕೂಟದ ನಿಯಮದಂತೆ ಭಾರತದಿಂದ ಮನೆಬಳಕೆಗೆ ಅಂತ ಬರುವ ಪಾರ್ಸೆಲ್‌ನಲ್ಲಿ ಮಾಂಸ, ಹಾಲು, ಹಾಲಿನಿಂದ ಮಾಡಿದ್ದು ಯಾವುದೂ ಇರುವಂತಿಲ್ಲ. ಕಾಲು ಕೆಜಿ ಆದರೂ ಅಷ್ಟೇ. ಪೇಡ, ಖೋವಾ ಕೂಡ ಇದರಲ್ಲೇ ಬಂತು. ಕಾರಣ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಕಾಲುಬಾಯಿ ಜ್ವರದಂಥ ರೋಗಗಳು. ಅವು ಅಲ್ಲಿನ ದನಗಳಿಗೆ ತಗುಲಬಾರದು ಅಂತ. ಅಷ್ಟು ಕಾಯಿಸಿದ ತುಪ್ಪದಲ್ಲಿ ಎಂಥ ರೋಗ ಉಳಿಯುತ್ತದೆ ಅಂತ ನನಗೂ ಅನ್ನಿಸುತ್ತದೆ, ಆದರೆ ಡಬ್ಬ ಬಿಚ್ಚಿ ನೋಡುವವನಿಗೆ ನೀವು ಎಷ್ಟು ಹೊತ್ತು ಕಾಯಿಸಿದಿರಿ ಅನ್ನೋದು ಹೇಗೆ ಗೊತ್ತಾಗಬೇಕು, ಅಲ್ವಾ?

ಕರಿಬೇವಿನ ಕಥೆ ಇನ್ನೂ ಮಜವಾಗಿದೆ. ಅದು ನಿಂಬೆ, ಕಿತ್ತಳೆಯ ಕುಟುಂಬದ್ದೇ ಗಿಡ. ಅದರ ಎಲೆಯ ಮೇಲೆ ಕೂರುವ ಒಂದು ಪುಟಾಣಿ ಕೀಟ ಕಿತ್ತಳೆ ತೋಟವನ್ನೇ ಹಾಳು ಮಾಡುವ ರೋಗ ಹರಡುತ್ತದೆ. ಜರ್ಮನಿಯಲ್ಲಿ ಕಿತ್ತಳೆ ಎಲ್ಲಿದೆ ಅಂತ ಕೇಳಬೇಡಿ, ಸ್ಪೇನ್, ಇಟಲಿಯಲ್ಲಿ ಇದೆ, ಮತ್ತು ಒಕ್ಕೂಟಕ್ಕೆಲ್ಲ ಒಂದೇ ಕಾನೂನು. ಹುರಿದು ಚಟ್ನಿಪುಡಿಗೆ ಕುಟ್ಟಿ ಹಾಕಿದ ಕರಿಬೇವಿಗೆ ತೊಂದರೆ ಇಲ್ಲ. ಕುಂಡದಲ್ಲಿ ಹಾಕಿಕೊಳ್ಳಲಿ ಅಂತ ಬೀಜ ಕಳಿಸುವ ಅಮ್ಮಂದಿರೂ ಇದ್ದಾರೆ. ಅದಕ್ಕೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಸುಮ್ನೆ ಬಿಡಿ.

ಮಾತ್ರೆ? ಜರ್ಮನಿಯಲ್ಲಿ ಸಾಮಾನ್ಯ ಜನ ಯುರೋಪಿನ ಹೊರಗಿನಿಂದ ಅಂಚೆಯಲ್ಲಿ ಔಷಧಿ ತರಿಸಿಕೊಳ್ಳುವಂತಿಲ್ಲ. ಪವರ್ ಬ್ಯಾಂಕ್, ಸೆಂಟು, ಉಗುರುಬಣ್ಣ ಯಾವ ದೇಶಕ್ಕೂ ಅಂಚೆಯಲ್ಲಿ ಬೇಡ. ವಿಮಾನದಲ್ಲಿ ಬೆಂಕಿಯ ಭಯ.

ಇನ್ನು ಸಿಎನ್ 23 ಫಾರಂ, ಅಂದರೆ ಡಬ್ಬದಲ್ಲಿ ಏನೇನಿದೆ ಅಂತ ಕಸ್ಟಮ್ಸ್‌ಗೆ ಬರೆದುಕೊಡುವ ಚೀಟಿ. ನಾನೊಮ್ಮೆ ಅವಸರದಲ್ಲಿ ಬರೀ ‘ಫುಡ್ ಐಟಂ’ ಅಂತ ಬರೆದೆ, ಡಬ್ಬ ಅಲ್ಲಿನ ಕಸ್ಟಮ್ಸ್‌ನಲ್ಲಿ ವಾರಗಟ್ಟಲೆ ಕೂತಿತು. ‘ಮಾವಿನ ಉಪ್ಪಿನಕಾಯಿ, 500 ಗ್ರಾಂ, ಇಷ್ಟು ರೂಪಾಯಿ’ ಅಂತ ಒಂದೊಂದನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಿರಿ. ಮನೆಯವರು ಕಳಿಸುವ ಉಡುಗೊರೆಗೆ 45 ಯೂರೋವರೆಗೆ ಸುಂಕ ಇಲ್ಲ. ಹಾಗಂತ ‘ಗಿಫ್ಟ್’ ಅಂತ ಬರೆದ ಮಾತ್ರಕ್ಕೆ ತುಪ್ಪ ಒಳಗೆ ಹೋಗುವುದಿಲ್ಲ. ಉಪ್ಪಿನಕಾಯಿ ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಎರಡು ಕವರಿನಲ್ಲಿ ಸುತ್ತಿ. ಎಣ್ಣೆ ಸೋರಿದರೆ ಚಟ್ನಿಪುಡಿಯೂ ಹೋಯಿತು.

ಇದೇ ಪಟ್ಟಿ ಹಿಡಿದು ದುಬೈನ ನೆಂಟರಿಗೆ ಮಾತ್ರ ಕಳಿಸಬೇಡಿ. ನಾವು ಪಾಯಸಕ್ಕೆ ಹಾಕುವ ಗಸಗಸೆ ಜರ್ಮನಿಯ ಬೇಕರಿಗಳಲ್ಲಿ ಬ್ರೆಡ್ ಮೇಲೆ ಉದುರಿಸಿರುತ್ತಾರೆ, ಯುಎಇಯಲ್ಲಿ ಅದೇ ಗಸಗಸೆಯನ್ನು ಮಾದಕ ವಸ್ತುವಿನ ಲೆಕ್ಕದಲ್ಲಿ ನೋಡುತ್ತಾರೆ. ಮಸಾಲೆಪುಡಿಗೆ ಹಾಕಿದ್ದೀರಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಮಗನ ತುಪ್ಪಕ್ಕೆ ಏನು ಮಾಡೋಣ? ಅಲ್ಲಿ ಉಪ್ಪಿಲ್ಲದ ಒಳ್ಳೆ ಬೆಣ್ಣೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ವಿಡಿಯೋ ಕಾಲ್‌ನಲ್ಲಿ ಕಾಯಿಸೋದು ಹೇಳಿಕೊಡಿ. ಇಳಿಸುವಾಗ ಹಾಕೋಕೆ ವೀಳ್ಯದೆಲೆ ಬೇಕು ಅಂದರೆ, ಅದನ್ನೂ ಪಾರ್ಸೆಲ್ ಮಾಡಬೇಡಿ.