ನನ್ನ ಆಧಾರ್ ಮ್ಯಾಲ ಬ್ಯಾರೇದಾವ್ರು ಸಾಲ ತಗದ್ರ ಶಿಕ್ಷೆ ಎಷ್ಟು?

ಮುಧೋಳ ಕಡೆಯ ಓದುಗರೊಬ್ರು ಕೇಳ್ಯಾರ: "ನನ್ನ ಆಧಾರ್, ಪ್ಯಾನ್ ಹಾಕಿ ಯಾರೋ ಆ್ಯಪ್‌ನ್ಯಾಗ ಸಾಲ ತಗದಾರ್ರಿ, ಕಂತು ತುಂಬ್ರಿ ಅಂತ ನನಗ ಫೋನ್ ಮಾಡಾಕತ್ತಾರ. ನಮ್ಮ ಚಿಗವ್ವನ ಮಗನ ಮ್ಯಾಲ ಡೌಟ್ ಐತಿ. ಕೇಸ್ ಹಾಕಿದ್ರ ಅವಗ ಎಷ್ಟು ಶಿಕ್ಷೆ ಆಗ್ತೈತಿ? ತಿರುಗಿ ನನ್ನ ಮ್ಯಾಲ ಬರೂದಿಲ್ಲ ಹೌದಲ್ರಿ?"

ಎಲ್ಲಾರೂ ಹೇಳೂ ಸೆಕ್ಷನ್ ಅಂದ್ರ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಸಿ. ಇನ್ನೊಬ್ರ ಪಾಸ್‌ವರ್ಡ್, ಡಿಜಿಟಲ್ ಸಹಿ, ಗುರುತಿನ ನಂಬರ್ ಇಂಥಾದ್ದು ಮೋಸದಿಂದ ಬಳಸಿದ್ರ 3 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ. ಇದ್ರಾಗ ಚಲೋದು ಏನಂದ್ರ ನಿಮ್ಮ ರೊಕ್ಕ ಹೋಗಿರಬೇಕು ಅಂತೇನಿಲ್ಲ, ಬಳಸಿದ್ದಽ ತಪ್ಪು, ಹಂಗಾಗಿ "ನಿಮಗೇನ್ ಲಾಸ್ ಆಗೇತ್ರಿ" ಅಂತ ಯಾರರ ಕೇಳಿದ್ರ ಸುಮ್ನ ವಾಪಸ್ ಬರಬ್ಯಾಡ್ರಿ. ಆದ್ರ ಇದು ಜಾಮೀನು ಸಿಗೂ ಕೇಸ್, ಇದೊಂದನ್ನಽ ಹಚ್ಚಿದ್ರ ಮಾಡಿದಾಂವ ಸಂಜಿಮುಂದ ಚಾದಂಗಡ್ಯಾಗ ನಿಮ್ಮ ಎದುರಿಗೇ ಕುಂತಿರ್ತಾನ.

ನನ್ನ ಕೇಳಿದ್ರ ಖರೇ ಖಾರ ಇರೂದು ಭಾರತೀಯ ನ್ಯಾಯ ಸಂಹಿತೆಯೊಳಗ, ಅಂದ್ರ ಐಪಿಸಿ ಬದ್ಲಿ ಬಂದ ಹೊಸ ಕಾನೂನಿನ್ಯಾಗ. ನಾನಽ ಅವ ಅಂತ ಹೇಳಿ ಮೋಸ ಮಾಡಿದ್ರ ಸೆಕ್ಷನ್ 319, ಅದಕ್ಕ 5 ವರ್ಷದ ತನಕ. ಹಂಗ ಮೋಸ ಮಾಡಿ ರೊಕ್ಕ ಹೊಡದ್ರ 318(4), 7 ವರ್ಷದ ತನಕ, ಜಾಮೀನೂ ಸರಳ ಸಿಗೂದಿಲ್ಲ. ಸಾಲದ ಪತ್ರಕ್ಕ ನಿಮ್ಮ ಸಹಿ ತಾನಽ ಹೊಡದಿದ್ರ, ಅದು ಕಾಗದ ಇರಲಿ ಮೊಬೈಲ್ ಇರಲಿ, 336(3), ಅದಕ್ಕೂ 7 ವರ್ಷ. ಸಾಲ ತಗದ ತಾರೀಖು ನೋಡ್ಕೋರಿ, 2024ರ ಜುಲೈ 1ಕ್ಕಿಂತ ಮೊದ್ಲಿಂದಾದ್ರ ಹಳೇ ಐಪಿಸಿಯ 419, 420 ಬರ್ತಾವು.

ಇನ್ನ ಓಟಿಪಿ ಯಾವ ನಂಬರಿಗೆ ಹೋತು ಅನ್ನೂದು ಹುಡಕ್ರಿ, ಬಾಳ ಸಲ ನಿಮ್ಮ ಹೆಸರ್ಲೇನಽ ನಿಮಗ ಗೊತ್ತಿಲ್ಲದ ಸಿಮ್ ಇರ್ತೈತಿ. ನನಗೂ ಆಗಿತ್ರಿ ಇದು. ನವನಗರದಾಗ ಒಂದು ಅಂಗಡ್ಯಾಗ ಸಿಮ್ ತಗೊಳ್ಳುಮುಂದ ಹುಡುಗ "ಅಣ್ಣಾರ, ಮಷಿನ್ ತಗೊಳ್ಳವಲ್ದು, ಹೆಬ್ಬಟ್ಟು ಒರಿಸಿ ಇನ್ನೊಮ್ಮೆ ಇಡ್ರಿ" ಅಂದ, ಇಟ್ಟೆ, ಮುಂದ ಸಂಚಾರ್ ಸಾಥಿಯೊಳಗ (ನಮ್ಮ ಹೆಸರ್ಲೆ ಎಷ್ಟು ಸಿಮ್ ಅದಾವು ಅಂತ ತೋರ್ಸೂ ಸರ್ಕಾರದ ವೆಬ್‌ಸೈಟ್) ನೋಡಿದ್ರ ನನ್ನ ಹೆಸರ್ಲೆ ಎರಡು ನಂಬರ್! "ಇದು ನನ್ನ ನಂಬರ್ ಅಲ್ಲ" ಅಂತ ಅಲ್ಲೇ ಒತ್ತಿ ಬಂದ್ ಮಾಡ್ಸಿದೆ. ಹಿಂಗ ಮೋಸದ್ಲೆ ಸಿಮ್ ತಗದ್ರ 2023ರ ದೂರಸಂಪರ್ಕ ಕಾಯ್ದೆಯಾಗ 3 ವರ್ಷದ ತನಕ ಜೈಲು, ಇಲ್ಲಾ 50 ಲಕ್ಷದ ತನಕ ದಂಡ, ಇಲ್ಲಾ ಎರಡೂ.

ನಿಮ್ಮ ಮ್ಯಾಲ ಬರ್ತೈತೇನು ಅಂದ್ರ, ನಿಮಗ ಗೊತ್ತಿಲ್ದಽ ಆಗಿದ್ರ ನೀವು ನೊಂದಾವ್ರು, ಹೆದರಬ್ಯಾಡ್ರಿ. ಆದ್ರ ಸಾವಿರ ಎರಡು ಸಾವಿರ ಇಸ್ಕೊಂಡು ನೀವಽ ಅಕೌಂಟು, ಸಿಮ್ಮು ಕೊಟ್ಟಿದ್ರ ಮಾತು ಬ್ಯಾರೆ, ಅವಾಗ ನೀವೂ ಆರೋಪಿ ಆಗಬಹುದು. ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚಿ ಕಂಪ್ಲೇಂಟ್ ನಂಬರ್ ಬರ್ಕೋರಿ, ನಿಮ್ಮ ಹೆಸರ್ಲೆ ಯಾವ್ಯಾವ ಸಾಲ ಅದಾವು ಅಂತ ತೋರ್ಸೂ ಸಿಬಿಲ್ ರಿಪೋರ್ಟ್ ತಗೀರಿ (ವರ್ಷಕ್ಕ ಒಂದು ಪುಕ್ಕಟ), ಸಾಲ ಕೊಟ್ಟಾವ್ರಿಗೆ "ಇದು ನನ್ನ ಸಾಲ ಅಲ್ಲ" ಅಂತ ಬರವಣಿಗೆಯೊಳಗ ಕಳಸ್ರಿ, ಬಾಯಿ ಮಾತು ನಡಿಯೂದಿಲ್ಲ. ಆಮ್ಯಾಲ ಬಾಗಲಕೋಟೆ ಸಿಇಎನ್ (ಸೈಬರ್ ಅಪರಾಧ ನೋಡೂ) ಠಾಣೆಗೆ ಹೋಗ್ರಿ. 66ಸಿ ತನಿಖೆ ಇನ್‌ಸ್ಪೆಕ್ಟರ್ ಇಲ್ಲಾ ಅವ್ರ ಮ್ಯಾಲಿನಾವ್ರಽ ಮಾಡಬೇಕು, ಪೇದೆ ಕೈಯಾಗ ಅರ್ಜಿ ಕೊಟ್ಟು ಬಂದಿದ್ರ ಎಫ್‌ಐಆರ್ ಕಾಪಿ ಕೇಳ್ರಿ.

ಇನ್ನ ಚಿಗವ್ವನ ಮಗನ ಮಾತು. ಕೇಸ್ ಹಾಕಿದ ಮ್ಯಾಲ ಹಿರ್‍ಯಾರು ಕುಂತು ರಾಜಿ ಮಾಡ್ಸಾಕ ಬಂದಽ ಬರ್ತಾರ. 66ಸಿ, 319 ಎರಡಕ್ಕೂ ರಾಜಿಗೆ ದಾರಿ ಐತಿ, 318(4)ಕ್ಕ ಕೋರ್ಟ್ ಒಪ್ಪಿಗಿ ಬೇಕು. 336(3) ಬಿತ್ತಂದ್ರ ಮನಿಯಾವ್ರ ರಾಜಿಗೆ ಅದು ಬಗ್ಗೂದಿಲ್ಲ, ಕೇಸ್ ರದ್ದು ಮಾಡ್ರಿ ಅಂತ ಧಾರವಾಡ ಹೈಕೋರ್ಟ್ ಪೀಠಕ್ಕಽ ಹೋಗಬೇಕಾಗ್ತೈತಿ. ಅರ್ಜ್ಯಾಗ "ನನ್ನ ಸಹಿ ಹೊಡದಾನ" ಅಂತ ಬರಿಯೂಕಿಂತ ಮೊದ್ಲ ಸಾಲದ ಪತ್ರದ ಕಾಪಿ ತರ್ಸಿ, ಅದ್ರಾಗ ನಿಮ್ಮ ಹೆಸರಿನ ಸಹಿ ಖರೇನಽ ಹೊಡದಾರೇನು ಅಂತ ನಿಮ್ಮ ಕಣ್ಣಿಂದ ನೋಡ್ರಿ.